ಹೆವಿ ಮೆಟಲ್ಲೋ, ಪ್ರಾಗ್ ರಾಕೋ? ಕೈಚಳಕ ಕೇಳುವವರು ಎಲ್ಲಿಂದ ಶುರು ಮಾಡಬೇಕು

ಹಳೇ ಹೆವಿ ಮೆಟಲ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಒಂದು ಉದ್ದನೆಯ ಪಟ್ಟಿ. ಪ್ರಾಗ್ರೆಸ್ಸಿವ್ ರಾಕ್ ಬಗ್ಗೆ ಕೇಳಿದರೆ ಪಟ್ಟಿಯ ಜೊತೆ ಒಂದು ಭಾಷಣವೂ ಬರುತ್ತದೆ: ಮೆಟಲ್ ಬರೀ ಗಲಾಟೆ, ನಿಜವಾದ ವಾದಕರು ಇರೋದು ಪ್ರಾಗ್‌ನಲ್ಲೇ ಅಂತ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಎರಡೂ ಕಡೆ ಕೈ ಪಳಗಿದವರೇ ಇದ್ದಾರೆ. ಅವರು ಮಾಡುವ ಕೆಲಸ ಮಾತ್ರ ಬೇರೆ.

ಮೆಟಲ್ ವಾದಕ ಒಂದು ರಿಫ್ (ಮರುಕಳಿಸುವ ಚಿಕ್ಕ ಧಾಟಿ) ಹಿಡಿದರೆ ಅದನ್ನೇ ಮತ್ತೆ ಮತ್ತೆ ನುಡಿಸುತ್ತಾನೆ. ಹದಿನಾರನೇ ಸಲವೂ ಅದು ಮೊದಲ ಸಲದಷ್ಟೇ ಗಟ್ಟಿಯಾಗಿ, ಅದೇ ಜಾಗದಲ್ಲಿ ಬೀಳಬೇಕು. ಅದಕ್ಕೆ ತ್ರಾಣ ಬೇಕು. ಪ್ರಾಗ್ ವಾದಕ ರಿಫ್ ನಿಮ್ಮ ಕಿವಿಗೆ ಕೂರುವಷ್ಟರಲ್ಲಿ ಎಣಿಕೆಯನ್ನೇ ಬದಲಿಸಿಬಿಡುತ್ತಾನೆ. ಬ್ಯಾಂಡಿನ ಎಲ್ಲರೂ ಒಟ್ಟಿಗೆ ಆ ತಿರುವು ತೆಗೆದುಕೊಳ್ಳಬೇಕು. ಅದಕ್ಕೆ ನೆನಪು ಬೇಕು, ಪರಸ್ಪರ ಕಿವಿಗೊಡಬೇಕು. ಈ ಎರಡರಲ್ಲಿ ನಿಮಗೆ ಯಾವುದು ಮಜಾ ಕೊಡುತ್ತದೆ ಅಂತ ಗೊತ್ತಾದರೆ ಆಲ್ಬಂ ಆರಿಸುವುದು ಸುಲಭ.

ಮೊದಲು ಎರಡು ಹಾಡಿನ ಪರೀಕ್ಷೆ

ಒಂದು, ಪಿಂಕ್ ಫ್ಲಾಯ್ಡ್‌ನ ‘ಮನಿ’, 1973ರದ್ದು. ಇದರ ಬೇಸ್ (ಕೆಳಸ್ಥಾಯಿಯ ಗಿಟಾರ್) ರಿಫ್ ಏಳರ ಎಣಿಕೆಯಲ್ಲಿ ಓಡುತ್ತದೆ. ಕಛೇರಿ ಕೇಳಿ ಅಭ್ಯಾಸ ಇರುವವರಿಗೆ ಏಳು ಹೊಸದೇನಲ್ಲ, ಮಿಶ್ರ ಛಾಪಿಗೆ ಬಿದ್ದ ಕೈ ಇಲ್ಲೂ ತಾನಾಗಿಯೇ ಬೀಳುತ್ತದೆ. ಡಿಕ್ ಪ್ಯಾರಿಯ ಸ್ಯಾಕ್ಸೋಫೋನ್ ಸೋಲೋ (ಒಬ್ಬನೇ ಮುಂದೆ ಬಂದು ನುಡಿಸುವ ಭಾಗ) ಕೂಡ ಏಳರಲ್ಲೇ ಇದೆ. ಆಮೇಲೆ ಡೇವಿಡ್ ಗಿಲ್ಮೋರ್‌ನ ಗಿಟಾರ್ ಸೋಲೋ ಬಂದಾಗ ಇಡೀ ಬ್ಯಾಂಡ್ ನಾಲ್ಕಕ್ಕೆ ಹೊರಳುತ್ತದೆ. ಯಾರೂ ಹೇಳದೆ ಆ ಹೊರಳು ನಿಮಗೆ ತಟ್ಟಿದರೆ, ‘ಅರೆ, ಈಗ ಏನೋ ಬದಲಾಯ್ತಲ್ಲ’ ಅನ್ನಿಸಿದರೆ, ನಿಮ್ಮ ಕಿವಿ ಪ್ರಾಗ್ ಕಡೆಯದು.

ಇನ್ನೊಂದು, ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’, 1986. ಹಾಡಿನ ವೇಗ ನಿಮಿಷಕ್ಕೆ ಸುಮಾರು 210 ಬೀಟ್. ಬೀಟಿಗೆ ಎರಡರಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಏಳು ಹೊಡೆತ. ಜೇಮ್ಸ್ ಹೆಟ್‌ಫೀಲ್ಡ್ ಈ ರಿಫ್ಫನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಹೊಡೆಯುತ್ತಾನೆ. ಕೆಳಗೆ ಮೇಲೆ ಅಂತ ಹೊಡೆದರೆ ಅರ್ಧ ಶ್ರಮ ಸಾಕು, ಆದರೆ ಆಗ ದನಿ ತೆಳ್ಳಗಾಗುತ್ತದೆ. ಗಿಟಾರ್ ಇದ್ದರೆ ಒಂದು ನಿಮಿಷ ಪ್ರಯತ್ನಿಸಿ ನೋಡಿ. ಮುಂಗೈ ಉರಿಯತೊಡಗುತ್ತದೆ. ಗಿಟಾರ್ ಇಲ್ಲದಿದ್ದರೂ ಆ ಬಲಗೈಯನ್ನೇ ಕಿವಿಯಿಂದ ಹಿಂಬಾಲಿಸುತ್ತಾ ಎಂಟೂವರೆ ನಿಮಿಷ ಬೇಜಾರಿಲ್ಲದೆ ಕೂತರೆ, ನೀವು ಮೆಟಲ್ ಪಾರ್ಟಿ.

ಎರಡೂ ಇಷ್ಟವಾದವರು ನೇರ ರಷ್ ಬ್ಯಾಂಡಿನ ಭಾಗಕ್ಕೆ ಹೋಗಿ. ಎರಡೂ ಇಷ್ಟವಾಗದಿದ್ದರೆ ಬಲವಂತ ಏನಿಲ್ಲ.

ಸ್ಯಾಬತ್ ಅಥವಾ ಪರ್ಪಲ್

ಮೆಟಲ್‌ನ ಬೇರಿಗೆ ಹೋಗಬೇಕು ಅಂದರೆ ಎರಡು ಬಾಗಿಲು. ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸ್ಯಾಬತ್ ಒಂದು, ಡೀಪ್ ಪರ್ಪಲ್ ಇನ್ನೊಂದು. ಎರಡೂ ಬ್ಯಾಂಡುಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸದ್ದು ಮಾಡಿದವು. ಆದರೆ ಕೇಳುವ ರೀತಿ ಪೂರ್ತಿ ಬೇರೆ.

ಸ್ಯಾಬತ್‌ನ ಕಥೆ ಶುರುವಾಗುವುದೇ ಒಂದು ಅಪಘಾತದಿಂದ. ಗಿಟಾರ್ ವಾದಕ ಟೋನಿ ಅಯೋಮಿ ಎಡಗೈಯವನು. ಅಂದರೆ ತಂತಿ ಒತ್ತುವುದು ಬಲಗೈ. ಹದಿನೇಳನೇ ವಯಸ್ಸಿನಲ್ಲಿ, ಲೋಹದ ತಗಡಿನ ಕಾರ್ಖಾನೆಯಲ್ಲಿ ಅದೂ ಕೆಲಸದ ಕೊನೇ ದಿನ, ಯಂತ್ರಕ್ಕೆ ಸಿಕ್ಕಿ ಆ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿ ಹೋಯಿತು. ಕಾರ್ಖಾನೆಯ ಮೇಲ್ವಿಚಾರಕನೊಬ್ಬ ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ತಂದು ಕೇಳಿಸಿದ. ಈತ ಎರಡು ಬೆರಳು ಕೆಲಸ ಮಾಡದಿದ್ದರೂ ನುಡಿಸುತ್ತಾನೆ ನೋಡು ಅಂತ. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು. ಹಾಗಾಗಿ ತೆಳು ತಂತಿ ಹಾಕಿದ, ಬ್ಯಾಂಜೋ ತಂತಿಯನ್ನೂ ಬಳಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಗಿಟಾರಿನ ಶ್ರುತಿಯನ್ನೇ ಒಂದೂವರೆ ಸ್ವರ ಇಳಿಸಿದ. ತಂತಿ ಸಡಿಲವಾಯಿತು, ದನಿ ಇನ್ನಷ್ಟು ಭಾರವಾಯಿತು. ಇವತ್ತು ಮೆಟಲ್ ಬ್ಯಾಂಡುಗಳು ಶ್ರುತಿ ಇಳಿಸುವುದು ಮಾಮೂಲಿ. ಶುರುವಾಗಿದ್ದು ಒಬ್ಬನ ಬೆರಳು ನೋವಿನಿಂದ.

ಆದರೆ ಸ್ಯಾಬತ್ ಕೇಳುವಾಗ ಗಿಟಾರನ್ನಷ್ಟೇ ಕೇಳಬೇಡಿ. ಡ್ರಮ್ಮರ್ ಬಿಲ್ ವಾರ್ಡ್ ಬೆಳೆದದ್ದು ಜಾಝ್ ಕೇಳುತ್ತಾ. ‘ಫೇರೀಸ್ ವೇರ್ ಬೂಟ್ಸ್’ ಹಾಕಿ ಅವನ ಸಿಂಬಲ್ ಮೇಲೆ ಮಾತ್ರ ಗಮನ ಇಡಿ. ಮೇಲೆ ಅಷ್ಟು ಭಾರದ ರಿಫ್, ಕೆಳಗೆ ತೂಗಾಡುವ ನಡೆ. ಗೀಜರ್ ಬಟ್ಲರ್‌ನ ಬೇಸ್ ಕೂಡ ಸುಮ್ನೆ ಗಿಟಾರಿನ ನೆರಳಾಗಿ ಹೋಗುವುದಿಲ್ಲ, ಸಂದು ಸಿಕ್ಕಲ್ಲೆಲ್ಲ ನುಗ್ಗುತ್ತದೆ. ಶುರು ಮಾಡಲು 1970ರ ‘ಪ್ಯಾರನಾಯ್ಡ್’ ಸಾಕು. ಅದಕ್ಕೂ ಮೊದಲಿನ ಚೊಚ್ಚಲ ಆಲ್ಬಂ ಒಂದೇ ದಿನದಲ್ಲಿ ರೆಕಾರ್ಡ್ ಆದದ್ದು. ಅದರ ಒರಟುತನ ಎಲ್ಲರಿಗೂ ಹಿಡಿಸುವುದಿಲ್ಲ, ನನಗೆ ಅದೇ ಇಷ್ಟ.

ಡೀಪ್ ಪರ್ಪಲ್ ಬೇಕಾಗುವುದು ಕೀಬೋರ್ಡ್ ಇಷ್ಟಪಡುವವರಿಗೆ. ಜಾನ್ ಲಾರ್ಡ್ ಹ್ಯಾಮಂಡ್ ಆರ್ಗನ್ನಿನ ದನಿಯನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರ್‌ಗೆ ಕೊಟ್ಟ. ಚರ್ಚಿನ ವಾದ್ಯದಂತಿದ್ದದ್ದು ಗುರುಗುಟ್ಟತೊಡಗಿತು. ‘ಹೈವೇ ಸ್ಟಾರ್’ನಲ್ಲಿ ಮೊದಲು ಅವನ ಸೋಲೋ, ಆಮೇಲೆ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್‌ನದು. ಇಬ್ಬರೂ ಬಾಖ್‌ನ ಥರದ ಸ್ವರಮೇಳದ ಮೇಲೆ ಓಡುತ್ತಾರೆ. ಈ ಹಾಡಿರುವ ‘ಮೆಷಿನ್ ಹೆಡ್’ ಸ್ವಿಟ್ಜರ್‌ಲೆಂಡಿನ ಮಾಂಟ್ರೋದಲ್ಲಿ ರೆಕಾರ್ಡ್ ಆಯಿತು. ಕ್ಯಾಸಿನೋದಲ್ಲಿ ನುಡಿಸಬೇಕೆಂದು ಹೋದರೆ, 1971ರ ಡಿಸೆಂಬರ್ 4ರಂದು ಫ್ರಾಂಕ್ ಜಪ್ಪಾನ ಕಾರ್ಯಕ್ರಮದ ನಡುವೆ ಅದು ಸುಟ್ಟುಹೋಯಿತು. ಕೊನೆಗೆ ಖಾಲಿ ಬಿದ್ದಿದ್ದ ಹೋಟೆಲಿನ ಕಾರಿಡಾರಿನಲ್ಲಿ ನುಡಿಸಿದರು. ಆ ಬೆಂಕಿಯ ಹೊಗೆಯ ಮೇಲಿನ ಹಾಡು ‘ಸ್ಮೋಕ್ ಆನ್ ದ ವಾಟರ್’ ಅನ್ನು ಗಿಟಾರ್ ಅಂಗಡಿಗೆ ಕಾಲಿಟ್ಟ ಪ್ರತಿಯೊಬ್ಬನೂ ನುಡಿಸುತ್ತಾನೆ, ಅಲ್ವಾ? ಮುಕ್ಕಾಲು ಪಾಲು ಜನ ಅದನ್ನು, ಬೆರಳಲ್ಲಿ ಹಿಡಿಯುವ ಪ್ಲಾಸ್ಟಿಕ್ ಚೂರಾದ ಪಿಕ್‌ನಲ್ಲಿ ಹೊಡೆಯುತ್ತಾರೆ. ಬ್ಲ್ಯಾಕ್‌ಮೋರ್ ಎರಡು ತಂತಿಯನ್ನು ಒಟ್ಟಿಗೆ ಬೆರಳಲ್ಲಿ ಮೀಟುತ್ತಾನೆ. ಅದಕ್ಕೇ ಅಂಗಡಿಯಲ್ಲಿ ಕೇಳಿದ್ದು ಯಾವತ್ತೂ ಮೂಲದ ಹಾಗೆ ಕೇಳಿಸುವುದಿಲ್ಲ.

ಎರಡರಲ್ಲಿ ಒಂದೇ ಅಂದರೆ? ರಿಫ್ ಬೇಕಾದರೆ ಸ್ಯಾಬತ್, ಸೋಲೋ ಬೇಕಾದರೆ ಪರ್ಪಲ್.

ಐರನ್ ಮೇಡನ್: ಭಗಣದಲ್ಲಿ ಓಡುವ ಬೇಸ್

ಬೆಂಗಳೂರಿನವರಿಗೆ ಮೇಡನ್ ಮೇಲೆ ಒಂದು ಕೈ ಜಾಸ್ತಿಯೇ ಪ್ರೀತಿ. ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ ನಡೆದದ್ದು 2007ರ ಮಾರ್ಚ್ 17ರಂದು ನಮ್ಮ ಅರಮನೆ ಮೈದಾನದಲ್ಲಿ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂದದ್ದೂ ಅಲ್ಲಿಗೇ. ಪ್ರೀತಿ ಪಕ್ಕಕ್ಕಿಟ್ಟು ಹೇಳುವುದಾದರೂ, ಬೇಸ್ ಗಿಟಾರ್ ಕೇಳುವುದನ್ನು ಕಲಿಯಲು ಮೇಡನ್‌ಗಿಂತ ಸುಲಭದ ದಾರಿ ಇಲ್ಲ. ಬ್ಯಾಂಡಿನ ಯಜಮಾನನೇ ಬೇಸ್ ವಾದಕ, ಸ್ಟೀವ್ ಹ್ಯಾರಿಸ್. ಬೇರೆ ಬ್ಯಾಂಡುಗಳಲ್ಲಿ ಹುಡುಕಬೇಕಾದ ಬೇಸ್ ಇಲ್ಲಿ ಎದುರಿಗೇ ನಿಂತಿರುತ್ತದೆ.

ಅವನ ಹೆಸರಾಂತ ನಡೆಗೆ ಅಭಿಮಾನಿಗಳು ಗ್ಯಾಲಪ್ ಅನ್ನುತ್ತಾರೆ. ಹೈಸ್ಕೂಲಿನಲ್ಲಿ ಛಂದಸ್ಸು ಓದಿದವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಭಗಣ. ಒಂದು ಗುರು, ಎರಡು ಲಘು. ಮತ್ತೆ ಒಂದು ಗುರು, ಎರಡು ಲಘು. 1983ರ ‘ದ ಟ್ರೂಪರ್’ ಹಾಕಿ, ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ನೋಡಿ. ಹ್ಯಾರಿಸ್ ಇದನ್ನು ಪಿಕ್ ಇಲ್ಲದೆ, ಬರಿ ಬೆರಳಲ್ಲಿ, ನಿಮಿಷಗಟ್ಟಲೆ ನುಡಿಸುತ್ತಾನೆ. ಹಿಂದೆ ನಿಕೋ ಮೆಕ್‌ಬ್ರೇನ್. ಮೆಟಲ್ ಡ್ರಮ್ಮರ್‌ಗಳೆಲ್ಲ ಎರಡು ಕಾಲಿಗೆ ಎರಡು ಪೆಡಲ್ ಇಟ್ಟುಕೊಳ್ಳುವ ಕಾಲದಲ್ಲೂ ಒಂದೇ ಪೆಡಲ್‌ನಲ್ಲಿ ಕೆಲಸ ನಡೆಸಿದವನು. ‘ಟ್ರೂಪರ್’ ಇರುವ ‘ಪೀಸ್ ಆಫ್ ಮೈಂಡ್’ ಆಲ್ಬಂ ಶುರುವಾಗುವ ‘ವೇರ್ ಈಗಲ್ಸ್ ಡೇರ್’ನಲ್ಲಿ ಅವನ ಬಲಗಾಲು ಮಾಡುವ ಕೆಲಸ ಕೇಳಿದರೆ ಎರಡು ಕಾಲು ಅಂತಲೇ ಅನ್ನಿಸುತ್ತದೆ.

ಆಲ್ಬಂ ಯಾವುದು? ಎಲ್ಲರೂ 1982ರ ‘ದ ನಂಬರ್ ಆಫ್ ದ ಬೀಸ್ಟ್’ ಅನ್ನುತ್ತಾರೆ. ನಾನು 1984ರ ‘ಪವರ್‌ಸ್ಲೇವ್’ ಅನ್ನುತ್ತೇನೆ. ಕಾರಣ ಅದರ ಕೊನೆಯ ಹಾಡು. ಕೋಲ್‌ರಿಜ್‌ನ ಮುದಿ ನಾವಿಕನ ಕವಿತೆಯನ್ನು ಹ್ಯಾರಿಸ್ ಹದಿಮೂರು ನಿಮಿಷ ದಾಟುವ ಹಾಡಾಗಿಸಿದ್ದಾನೆ. ನಡುವೆ ಎಲ್ಲ ನಿಂತು, ಹಡಗಿನ ಮರ ಕಿರುಗುಟ್ಟುವ ಸದ್ದು, ಅದರಡಿ ಬೇಸ್ ಒಂದೇ. ಮೆಟಲ್ ಕೇಳುವವರು ಉದ್ದದ ಹಾಡಿಗೆ ಕೂರಲು ಕಲಿಯುವುದು ಇಲ್ಲಿಯೇ. ಇದು ಹಿಡಿಸಿದರೆ ಪ್ರಾಗ್ ದೂರವಿಲ್ಲ.

ಜೋಡಿ ಗಿಟಾರ್ ಇಷ್ಟಪಡುವವರು ಜೂಡಸ್ ಪ್ರೀಸ್ಟನ್ನೂ ಕೇಳಬೇಕು. ‘ಪೇನ್‌ಕಿಲ್ಲರ್’, 1990. ಮೊದಲ ಹದಿನೈದು ಸೆಕೆಂಡಿನ ಡ್ರಮ್ಸ್ ಕೇಳಿದ ಮೇಲೂ ಮುಂದೆ ಕೇಳಬೇಕೋ ಬೇಡವೋ ಅನ್ನುವ ಅನುಮಾನ ಯಾರಿಗೂ ಉಳಿಯುವುದಿಲ್ಲ.

ಎರಡೂ ಬೇಕೆನ್ನುವವರಿಗೆ ರಷ್

ಕೆನಡಾದ ಟೊರಾಂಟೊದ ಮೂರೇ ಜನ. ಅಲೆಕ್ಸ್ ಲೈಫ್‌ಸನ್ ಗಿಟಾರ್, ನೀಲ್ ಪಿಯರ್ಟ್ ಡ್ರಮ್ಸ್, ಗೆಡ್ಡಿ ಲೀ ಮಿಕ್ಕಿದ್ದೆಲ್ಲ. ಉತ್ಪ್ರೇಕ್ಷೆ ಅಲ್ಲ. ಬೇಸ್ ನುಡಿಸುತ್ತಾ ಹಾಡುತ್ತಾನೆ, ಕೀಬೋರ್ಡ್ ನುಡಿಸುತ್ತಾನೆ, ಬೇಸ್ ಬಿಟ್ಟು ಕೀಬೋರ್ಡಿಗೆ ಹೋದಾಗ ಕಾಲಲ್ಲಿ ಪೆಡಲ್ ಒತ್ತಿ ಬೇಸ್ ಸ್ವರ ತೆಗೆಯುತ್ತಾನೆ.

ರಷ್ ಕೇಳಲು ಒಂದೇ ಅಡ್ಡಿ, ಗೆಡ್ಡಿ ಲೀಯ ಕೀರಲು ಕಂಠ. ಕೆಲವರು ಎರಡನೇ ಹಾಡಿಗೇ ಎದ್ದು ಹೋಗುತ್ತಾರೆ. ಅಂಥವರು ಮಾತಿಲ್ಲದ ಹಾಡಿನಿಂದ ಶುರು ಮಾಡಿ. ಈ ಉಪಾಯ ಬೇರೆ ಬ್ಯಾಂಡಿಗೂ ನಡೆಯುತ್ತದೆ: ಮೆಟಾಲಿಕಾದ ‘ಓರಿಯನ್’, ಕಿಂಗ್ ಕ್ರಿಮ್ಸನ್‌ನ ‘ರೆಡ್’. ರಷ್‌ನಲ್ಲಿ ‘ವೈವೈಜೆಡ್’.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವೈವೈಜೆಡ್ ಅಂದರೆ ಟೊರಾಂಟೊ ವಿಮಾನ ನಿಲ್ದಾಣದ ಸಂಕೇತ. ಅದನ್ನು ಮೋರ್ಸ್ ಕೋಡಿನಲ್ಲಿ ಬಿಡಿಸಿದರೆ ಬರುವ ಉದ್ದ ಗಿಡ್ಡಗಳೇ ಹಾಡಿನ ಮೊದಲ ರಿಫ್. ಉದ್ದಕ್ಕೆ ಗುರು, ಗಿಡ್ಡಕ್ಕೆ ಲಘು ಅಂತ ಪ್ರಸ್ತಾರ ಹಾಕಿ. ‘ವೈ’ ಅಂದರೆ ಗುರು, ಲಘು, ಗುರು, ಗುರು. ಏಳು ಮಾತ್ರೆ. ಇನ್ನೊಂದು ‘ವೈ’, ಮತ್ತೆ ಏಳು. ‘ಜೆಡ್’ ಅಂದರೆ ಗುರು, ಗುರು, ಲಘು, ಲಘು. ಆರು. ಒಟ್ಟು ಇಪ್ಪತ್ತು. ನಾಲ್ಕು ಮಾತ್ರೆಗೆ ಒಂದು ಬೀಟ್ ಅಂದರೆ ಐದು ಬೀಟ್. ಹಾಡಿನ ಆರಂಭ ಐದರ ಎಣಿಕೆಯಲ್ಲಿ ಇರುವುದಕ್ಕೆ ಇದೇ ಕಾರಣ. ಯಾರೋ ಕಷ್ಟದ ತಾಳ ಮಾಡಬೇಕು ಅಂತ ಕೂತು ಮಾಡಿದ್ದಲ್ಲ, ನಿಲ್ದಾಣದ ಸಂಕೇತವೇ ಹಾಗೆ ಬಿತ್ತು. ಮೊದಲು ಪಿಯರ್ಟ್ ಇದನ್ನು ಸಣ್ಣ ಕಂಚಿನ ತಟ್ಟೆಗಳ ಮೇಲೆ ಒಬ್ಬನೇ ನುಡಿಸುತ್ತಾನೆ. ಆಮೇಲೆ ಮೂರೂ ಜನ ಸೇರಿಕೊಂಡಾಗ ಎಣಿಸುವುದು ಮರೆತೇ ಹೋಗುತ್ತದೆ.

ಇದಿರುವುದು 1981ರ ‘ಮೂವಿಂಗ್ ಪಿಕ್ಚರ್ಸ್’ನಲ್ಲಿ. ಅದೇ ಆಲ್ಬಂನ ‘ಟಾಮ್ ಸಾಯರ್’ ನಾಲ್ಕರಲ್ಲಿ ಹೋಗುತ್ತಿದ್ದು ನಡುವಿನ ವಾದ್ಯಭಾಗದಲ್ಲಿ ಏಳಕ್ಕೆ ತಿರುಗುತ್ತದೆ. ‘2112’ರಿಂದ ಶುರು ಮಾಡಿ ಅನ್ನುವವರು ಸಿಗುತ್ತಾರೆ. 1976ರ ಆ ಆಲ್ಬಂನ ಒಂದಿಡೀ ಬದಿ ಒಂದೇ ಹಾಡು, ಇಪ್ಪತ್ತು ನಿಮಿಷ. ಚರಿತ್ರೆಗೆ ಅದು ಮುಖ್ಯ ಹೌದು. ವಾದನಕ್ಕೆ ‘ಮೂವಿಂಗ್ ಪಿಕ್ಚರ್ಸ್’ ಮೇಲು.

ಯೆಸ್, ಕ್ರಿಮ್ಸನ್, ಜೆನೆಸಿಸ್: ಒಬ್ಬ ಡ್ರಮ್ಮರ್‌ನ ಹಿಂದೆ ಹೋಗಿ

ಇಂಗ್ಲಿಷ್ ಪ್ರಾಗ್‌ನ ಈ ಮೂರರಲ್ಲಿ ಯಾವುದು ಅನ್ನುವುದಕ್ಕೆ ನನ್ನ ಉತ್ತರ ಬ್ಯಾಂಡ್ ಅಲ್ಲ, ಒಬ್ಬ ಮನುಷ್ಯ. ಬಿಲ್ ಬ್ರೂಫರ್ಡ್. ಯೆಸ್‌ನಲ್ಲಿ ನುಡಿಸಿದ. ಬ್ಯಾಂಡ್ ದೊಡ್ಡದಾಗುತ್ತಿರುವಾಗಲೇ 1972ರಲ್ಲಿ ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದ. 1976ರಲ್ಲಿ ಜೆನೆಸಿಸ್‌ನ ಪ್ರವಾಸದಲ್ಲಿ ಫಿಲ್ ಕಾಲಿನ್ಸ್ ಹಾಡಲು ಮುಂದೆ ಬಂದಾಗ ಡ್ರಮ್ಸ್ ಮೇಲೆ ಕೂತ. ಅವನ ಸ್ನೇರ್ ಡ್ರಮ್ಮಿನ ದನಿ ಒಂದು ಸಲ ಕಿವಿಗೆ ಬಿದ್ದರೆ ಆಮೇಲೆ ಎಲ್ಲಿದ್ದರೂ ಗುರುತು ಸಿಗುತ್ತದೆ. ಒಣ ಒಣ, ಖಣ್ ಅನ್ನುವ ದನಿ.

ಮೊದಲು ಯೆಸ್‌ನ ‘ಕ್ಲೋಸ್ ಟು ದ ಎಡ್ಜ್’, 1972. ಮೂರೇ ಹಾಡು. ಮೊದಲನೆಯದೇ ಹದಿನೆಂಟು ನಿಮಿಷಕ್ಕೂ ಜಾಸ್ತಿ. ಹಕ್ಕಿ, ನೀರಿನ ಸದ್ದಿನಿಂದ ಶುರುವಾಗಿ ಥಟ್ಟನೆ ಎಲ್ಲರೂ ಬೇರೆ ಬೇರೆ ಹಾಡು ನುಡಿಸುತ್ತಿರುವಂಥ ಗದ್ದಲ. ಇಲ್ಲಿ ಬಿಟ್ಟು ಓಡಬೇಡಿ. ಕ್ರಿಸ್ ಸ್ಕ್ವೈರ್‌ನ ರಿಕನ್‌ಬ್ಯಾಕರ್ ಬೇಸ್ ಹಿಡಿದುಕೊಳ್ಳಿ. ಪಿಕ್‌ನಲ್ಲಿ ಹೊಡೆದ ಚೂಪು ದನಿ, ಅದು ನಿಮ್ಮನ್ನು ದಾಟಿಸುತ್ತದೆ. ಮುಂದೆ ರಿಕ್ ವೇಕ್‌ಮನ್ ಲಂಡನ್ನಿನ ಸೇಂಟ್ ಜೈಲ್ಸ್ ಚರ್ಚಿನ ನಿಜವಾದ ಪೈಪ್ ಆರ್ಗನ್ ನುಡಿಸುವ ಜಾಗ ಬರುತ್ತದೆ. ಅಲ್ಲಿ ವಾಲ್ಯೂಮ್ ಇನ್ನೊಂದಿಷ್ಟು ಏರಿಸಿ.

ಹಾಡನ್ನು ಒಂದೇ ಉಸಿರಿಗೆ ನುಡಿಸಿದ್ದಲ್ಲ, ತುಂಡು ತುಂಡಾಗಿ ನುಡಿಸಿ ಟೇಪ್ ಅಂಟಿಸಿದ್ದು. ಹಾಗಾದರೆ ಕೈಚಳಕ ಎಲ್ಲಿ ಬಂತು ಅಂತ ಕೇಳಬಹುದು. ಬ್ರೂಫರ್ಡ್ ಹೋದ ಮೇಲೆ ಅಲನ್ ವೈಟ್ ಬಂದ. ಪ್ರವಾಸಕ್ಕೆ ಮೂರೇ ದಿನ ಉಳಿದಿತ್ತು. ಅಷ್ಟರಲ್ಲಿ ಎಲ್ಲವನ್ನೂ ಕಲಿತು ವೇದಿಕೆ ಹತ್ತಿದ. ಅಂಟಿಸಿದ್ದನ್ನು ಬಿಡದೆ ಜನರ ಮುಂದೆ ನುಡಿಸಿದರಲ್ಲ, ಉತ್ತರ ಅದು.

ಆಮೇಲೆ ಕ್ರಿಮ್ಸನ್‌ನ ‘ರೆಡ್’, 1974. ಬ್ರೂಫರ್ಡ್ ಅದೇ, ಆದರೆ ಬಿಸಿಲು ಹೋಗಿ ಮೋಡ. ಕೊನೆಯ ಹಾಡು ‘ಸ್ಟಾರ್‌ಲೆಸ್’ ಹನ್ನೆರಡು ನಿಮಿಷ. ನಡುವೆ ಹದಿಮೂರರ ಎಣಿಕೆಯ ಒಂದು ಭಾಗ. ರಾಬರ್ಟ್ ಫ್ರಿಪ್ ಅಲ್ಲಿ ಗಿಟಾರಿನಲ್ಲಿ ಒಂದೇ ಸ್ವರವನ್ನು ಎರಡು ತಂತಿಯ ಮೇಲೆ ಹೊಡೆಯುತ್ತಾ ಹೋಗುತ್ತಾನೆ. ನಿಮಿಷಗಳು ಕಳೆದರೂ ಅದೇ. ನಿಧಾನಕ್ಕೆ ಸ್ವರ ಮೇಲೇರುತ್ತದೆ, ಬ್ರೂಫರ್ಡ್ ಖಾಲಿ ಜಾಗ ತುಂಬತೊಡಗುತ್ತಾನೆ, ಜಾನ್ ವೆಟನ್‌ನ ಬೇಸ್ ಗೊರಗುಟ್ಟುತ್ತದೆ. ಇಷ್ಟು ಕಡಿಮೆ ಸ್ವರದಲ್ಲಿ ಇಷ್ಟು ಭಯ ಹುಟ್ಟಿಸಿದವರು ಮೆಟಲ್‌ನಲ್ಲೂ ಕಡಿಮೆ. ಮೆಟಲ್‌ನಿಂದ ಬರುವವರು ಪ್ರಾಗ್‌ಗೆ ಯೆಸ್ ಮೂಲಕ ಬರಬೇಡಿ, ‘ರೆಡ್’ ಮೂಲಕ ಬನ್ನಿ.

ಜೆನೆಸಿಸ್ ರಾಗ ಬೇಕೆನ್ನುವವರಿಗೆ. 1973ರ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’ನಲ್ಲಿ ‘ಫರ್ತ್ ಆಫ್ ಫಿಫ್ತ್’ ಕೇಳಿ. ಟೋನಿ ಬ್ಯಾಂಕ್ಸ್‌ನ ಪಿಯಾನೋ ಪೀಠಿಕೆ, ಪೀಟರ್ ಗೇಬ್ರಿಯಲ್‌ನ ಕೊಳಲು, ಆಮೇಲೆ ಅದೇ ಕೊಳಲಿನ ಧಾಟಿಯನ್ನು ಸ್ಟೀವ್ ಹ್ಯಾಕೆಟ್ ಗಿಟಾರಿನಲ್ಲಿ ಎಳೆದೆಳೆದು ನುಡಿಸುತ್ತಾನೆ. ವೇಗವೇ ಇಲ್ಲ. ಫಿಲ್ ಕಾಲಿನ್ಸನ್ನು ಎಂಬತ್ತರ ದಶಕದ ಪಾಪ್ ಗಾಯಕ ಅಂತಷ್ಟೇ ಗೊತ್ತಿರುವವರು ಈ ಆಲ್ಬಂನ ಡ್ರಮ್ಸ್ ಕೇಳಲೇಬೇಕು.

ಮೆಟಲ್, ಪ್ರಾಗ್ ಎರಡನ್ನೂ ಬೆರೆಸಿದ ಡ್ರೀಮ್ ಥಿಯೇಟರ್ ಬ್ಯಾಂಡ್? 1992ರ ‘ಇಮೇಜಸ್ ಅಂಡ್ ವರ್ಡ್ಸ್’ ಒಳ್ಳೆಯದೇ. ಆದರೆ ಮೊದಲು ಅದನ್ನು ಕೇಳಿದರೆ ವೇಗವೇ ವಿದ್ಯೆ ಅನ್ನಿಸಿಬಿಡುವ ಅಪಾಯ ಇದೆ. ರಷ್ ಮತ್ತು ಮೆಟಾಲಿಕಾ ಆದ ಮೇಲೆ ಬನ್ನಿ, ಅವರು ಎಲ್ಲಿಂದ ಏನು ತೆಗೆದುಕೊಂಡರು ಅಂತ ಆಗ ಕಾಣುತ್ತದೆ.

ಸ್ಟುಡಿಯೋನೋ, ಲೈವೋ?

ಪರ್ಪಲ್ ಆದರೆ ಕಣ್ಣು ಮುಚ್ಚಿಕೊಂಡು ಲೈವ್. 1972ರ ಆಗಸ್ಟಿನಲ್ಲಿ ಒಸಾಕಾ, ಟೋಕಿಯೋಗಳಲ್ಲಿ ರೆಕಾರ್ಡ್ ಆದ ‘ಮೇಡ್ ಇನ್ ಜಪಾನ್’. ಬ್ಲ್ಯಾಕ್‌ಮೋರ್ ಮತ್ತು ಲಾರ್ಡ್ ಒಬ್ಬರಿಗೊಬ್ಬರು ಸವಾಲು ಹಾಕುತ್ತಾ ಹೋಗುವುದು ಸ್ಟುಡಿಯೋದಲ್ಲಿ ಸಿಗುವುದಿಲ್ಲ. ಮೇಡನ್‌ನಲ್ಲಿ 1985ರ ‘ಲೈವ್ ಆಫ್ಟರ್ ಡೆತ್’ ಸ್ಟುಡಿಯೋ ಆಲ್ಬಂಗಳಿಗೆ ಸರಿಸಮ. ಯೆಸ್‌ನ ‘ಯೆಸ್‌ಸಾಂಗ್ಸ್’ ನುಡಿಸಾಣಿಕೆಯಲ್ಲಿ ಅದ್ಭುತ, ರೆಕಾರ್ಡಿಂಗ್ ಮಾತ್ರ ಮಸುಕು. ಮೊದಲು ಸ್ಟುಡಿಯೋದ್ದೇ ಕೇಳಿ. ರಷ್ ವೇದಿಕೆಯ ಮೇಲೂ ಆಲ್ಬಂನಲ್ಲಿದ್ದಂತೆಯೇ ನುಡಿಸುವುದರಲ್ಲಿ ಹೆಸರುವಾಸಿ. ಹಾಗಾಗಿ ಕೇಳುವವರಿಗೆ ವ್ಯತ್ಯಾಸ ಕಮ್ಮಿ, ನೋಡುವವರಿಗೆ ಜಾಸ್ತಿ. ಗೆಡ್ಡಿ ಲೀಯ ಕಾಲು ಎಲ್ಲೆಲ್ಲಿ ಹೋಗುತ್ತದೆ ಅಂತ ವಿಡಿಯೋದಲ್ಲಿ ನೋಡಬೇಕು.

ಒಂದೇ ಆಲ್ಬಂ, ನಾಲ್ಕು ಮಿಕ್ಸ್

ಆಪ್‌ನಲ್ಲಿ ಹುಡುಕಿದರೆ ಒಂದೇ ಆಲ್ಬಂ ಮೂರು ನಾಲ್ಕು ರೂಪದಲ್ಲಿ ಬರುತ್ತದೆ. ರೀಮಾಸ್ಟರ್ (ಹಳೆಯ ರೆಕಾರ್ಡಿಂಗನ್ನು ಮತ್ತೆ ಹದಗೊಳಿಸಿದ್ದು) ಅಂತ ಬರೆದದ್ದೆಲ್ಲ ಒಳ್ಳೆಯದು ಅಂದುಕೊಳ್ಳಬೇಡಿ. ಕೆಲವು ಬರೀ ಸದ್ದು ಏರಿಸಿದವು. ಸದ್ದು ಏರಿಸಿದಾಗ ಮೆಲ್ಲಗಿನದೂ ಜೋರಿನದೂ ಒಂದೇ ಮಟ್ಟಕ್ಕೆ ಬಂದು, ಡ್ರಮ್ಸ್‌ನ ಏಟಿನ ಮೊನೆ ಮೊಂಡಾಗುತ್ತದೆ. ರಷ್‌ನ 2002ರ ‘ವೇಪರ್ ಟ್ರೇಲ್ಸ್’ ಎಷ್ಟು ಕರ್ಕಶವಾಗಿತ್ತೆಂದರೆ 2013ರಲ್ಲಿ ಪೂರ್ತಿ ಹೊಸದಾಗಿ ಮಿಕ್ಸ್ ಮಾಡಿ, ಅಂದರೆ ಒಂದೊಂದು ವಾದ್ಯದ ದನಿಯನ್ನು ಮತ್ತೆ ಹೊಂದಿಸಿ, ಹೊರತಂದರು. ಆ ಎರಡನೆಯದನ್ನೇ ಕೇಳಿ. ಮೆಟಾಲಿಕಾದ 1988ರ ‘ಅಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಬೇಸ್ ಕೇಳಿಸುವುದೇ ಇಲ್ಲ. ನಿಮ್ಮ ಹೆಡ್‌ಫೋನ್ ಕೆಟ್ಟಿಲ್ಲ, ಅದು ಇರುವುದೇ ಹಾಗೆ.

ಕ್ರಿಮ್ಸನ್, ಯೆಸ್, ಜೆಥ್ರೋ ಟಲ್ ಮೂರು ಬ್ಯಾಂಡಿಗೂ ಸಂಗೀತಗಾರ ಸ್ಟೀವನ್ ವಿಲ್ಸನ್ ಮೂಲ ಟೇಪುಗಳಿಂದ ಹೊಸ ಮಿಕ್ಸ್ ಮಾಡಿದ್ದಾನೆ. ಒಂದೊಂದು ವಾದ್ಯವೂ ಬಿಡಿ ಬಿಡಿಯಾಗಿ ಕೇಳುತ್ತದೆ. ಬೇಸ್ ಹಿಂದೆ ಬಿದ್ದವರು ‘ಕ್ಲೋಸ್ ಟು ದ ಎಡ್ಜ್’ಗೆ ಅವನ ಮಿಕ್ಸ್ ಹಾಕಿಕೊಳ್ಳಿ. ‘ರೆಡ್’ಗೆ ನಾನು ಈಗಲೂ ಹಳೆಯ ಮಿಕ್ಸನ್ನೇ ಹಾಕುತ್ತೇನೆ, ಆ ಆಲ್ಬಂಗೆ ಸ್ವಲ್ಪ ಕೊಳೆ ಇದ್ದರೇ ಚೆನ್ನ.